ಪಾಠದ ಟಿಪ್ಪಣಿ ಬರೆದುಕೊಳ್ಳುವಲ್ಲಿ ವಿದ್ಯಾರ್ಥಿಗಳ ತೊಡಕುಗಳು ಮತ್ತು ಪರಿಹಾರ ಕ್ರಮಗಳು

(ಹಿರೇಕೆರೂರು ತಾಲ್ಲೂಕಿನ ಪ್ರೌಢಶಾಲೆ ಹಾಗೂ ಪದವಿಪೂರ್ವ ಕಾಲೇಜುಗಳ ವಿದ್ಯಾರ್ಥಿಗಳು ಮತ್ತು ಪೋಷಕರ ಮಾಹಿತಿಗಾಗಿ)

1. ಪೀಠಿಕೆ

ಶೈಕ್ಷಣಿಕ ವರ್ಷದ ಆರಂಭದಲ್ಲಿ ಪ್ರವೇಶಾತಿ, ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ, ಬಸ್ ಪಾಸ್ ಮೊದಲಾದ ಸೇವೆಗಳಿಗೆ ಅರ್ಜಿ ಸಲ್ಲಿಸುವ ಪೋಷಕರು ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ಅಂಕಪಟ್ಟಿ, ವ್ಯಾಸಂಗ ದೃಢೀಕರಣ ಪತ್ರ ಮುಂತಾದ ದಾಖಲೆಗಳನ್ನು ಜೋಪಾನವಾಗಿ ಹೊಂದಿಸಿಕೊಳ್ಳುತ್ತಾರೆ. ಆದರೆ ವರ್ಷವಿಡೀ ನಡೆಯುವ ಕಲಿಕೆಗೆ ದಾಖಲೆಯಾಗಿ ಉಳಿಯುವುದು ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕ ಒಂದೇ. ಅದರ ಕಡೆಗೆ ಅಷ್ಟೇ ಗಮನ ಹರಿಯುವುದು ವಿರಳ.

ಪುಸ್ತಕ ತುಂಬಿದೆ, ಅಕ್ಷರ ದುಂಡಗಿದೆ, ಶಿಕ್ಷಕರ ಸಹಿ ಆಗಿದೆ ಎಂದಾದರೆ ಓದು ಸರಿಯಾಗಿ ಸಾಗುತ್ತಿದೆ ಎಂದು ಹಲವು ಮನೆಗಳಲ್ಲಿ ತಿಳಿಯಲಾಗುತ್ತದೆ. ತುಂಬಿದ ಪುಸ್ತಕವಿದ್ದರೂ ಪಾಠ ಅರ್ಥವಾಗದೆ ಉಳಿದಿರುವುದು ಪರೀಕ್ಷೆಯ ಹೊತ್ತಿಗೆ ಬೆಳಕಿಗೆ ಬರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ರಥಮ ಪಿ.ಯು.ಸಿ. ವಿಜ್ಞಾನ ವಿಭಾಗಕ್ಕೆ ಸೇರಿ, ಅಲ್ಲಿ ಇಂಗ್ಲಿಷ್ ಉಪನ್ಯಾಸಗಳನ್ನು ಆಲಿಸಬೇಕಾಗುವ ಗ್ರಾಮೀಣ ವಿದ್ಯಾರ್ಥಿಗಳಿಗೆ ಈ ಸಮಸ್ಯೆ ಹೆಚ್ಚು ತೀವ್ರವಾಗಿರುತ್ತದೆ. ಮೊದಲ ಕೆಲವು ತಿಂಗಳುಗಳಲ್ಲಿ ಪಾಠದ ಎಳೆ ಕೈತಪ್ಪಿದರೆ, ಬುದ್ಧಿಶಕ್ತಿಗೆ ಕೊರತೆಯಿಲ್ಲದ ವಿದ್ಯಾರ್ಥಿಯೂ ತನಗೆ ವಿಜ್ಞಾನ ಒಲಿಯದು ಎಂದು ಭಾವಿಸಿ ಹಿಂದೆ ಸರಿಯುವ ಸಂಭವವಿದೆ. ಈ ಹಿನ್ನೆಲೆಯಲ್ಲಿ ಟಿಪ್ಪಣಿ ಬರವಣಿಗೆಯ ತೊಡಕುಗಳನ್ನು ಹಾಗೂ ಮನೆಯಲ್ಲಿಯೂ ತರಗತಿಯಲ್ಲಿಯೂ ಅನುಸರಿಸಬಹುದಾದ ಕ್ರಮಗಳನ್ನು ಈ ಕೆಳಗೆ ವಿವರಿಸಲಾಗಿದೆ.

2. ಟಿಪ್ಪಣಿ ಎಂದರೇನು

ಸರ್ಕಾರಿ ಕಛೇರಿಗಳ ಕಡತಗಳಲ್ಲಿ ಎರಡು ಭಾಗಗಳಿರುತ್ತವೆ. ಒಂದು ಭಾಗದಲ್ಲಿ ಬಂದ ಮತ್ತು ಹೋದ ಪತ್ರಗಳು ಇದ್ದ ಹಾಗೆಯೇ ಇರುತ್ತವೆ. ಇನ್ನೊಂದು ಭಾಗದಲ್ಲಿ ಆ ಪತ್ರಗಳ ಸಾರಾಂಶ, ಪರಿಶೀಲನೆ ಹಾಗೂ ಮುಂದೆ ಆಗಬೇಕಾದ ಕ್ರಮವನ್ನು ಬರೆಯಲಾಗುತ್ತದೆ. ಇದಕ್ಕೆ ಟಿಪ್ಪಣಿ ಎನ್ನುತ್ತಾರೆ. ಪತ್ರವನ್ನು ಓದಿ ಅರ್ಥ ಮಾಡಿಕೊಳ್ಳದೆ ಟಿಪ್ಪಣಿ ಬರೆಯಲು ಸಾಧ್ಯವಿಲ್ಲ. ದಿನಾಂಕವಿಲ್ಲದ, ವಿಷಯ ನಮೂದಿಸದ ಟಿಪ್ಪಣಿಯಿಂದ ಪ್ರಯೋಜನವೂ ಇಲ್ಲ.

ವಿದ್ಯಾರ್ಥಿಯ ಟಿಪ್ಪಣಿಗೂ ಇದೇ ಮಾತು ಅನ್ವಯಿಸುತ್ತದೆ. ಪಠ್ಯಪುಸ್ತಕ ಈಗಾಗಲೇ ಕೈಯಲ್ಲಿದೆ. ಅದನ್ನೇ ಮತ್ತೊಮ್ಮೆ ಬರೆದರೆ ಅದು ಪ್ರತಿ ತೆಗೆದಂತೆ ಆಗುತ್ತದೆ. ಪಾಠದಲ್ಲಿ ಯಾವುದು ಮುಖ್ಯ, ಒಂದು ವಿಷಯಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವೇನು, ಯಾವುದು ಇನ್ನೂ ಅರ್ಥವಾಗಿಲ್ಲ ಎಂಬ ಮೂರು ಅಂಶಗಳನ್ನು ವಿದ್ಯಾರ್ಥಿಯು ತನ್ನ ತಿಳಿವಳಿಕೆಯ ಭಾಷೆಯಲ್ಲಿ ದಾಖಲಿಸುವುದೇ ಟಿಪ್ಪಣಿ. ಮೂರನೆಯ ಅಂಶವು ಸಾಮಾನ್ಯವಾಗಿ ಯಾವ ಪುಸ್ತಕದಲ್ಲಿಯೂ ಕಂಡುಬರುವುದಿಲ್ಲ. ವಾಸ್ತವವಾಗಿ ಮರುದಿನ ಶಿಕ್ಷಕರನ್ನು ಕೇಳಲು ನೆರವಾಗುವುದು ಅದೇ ಆಗಿದೆ.

3. ನಕಲು ಮತ್ತು ಪಾಠಾಂತರ: ಈ ನೆಲದ ಒಂದು ನಿದರ್ಶನ

ತ್ರಿಪದಿ ಕವಿ ಸರ್ವಜ್ಞನ ಹೆಸರು ಹಿರೇಕೆರೂರು ಸೀಮೆಯ ಅಬಲೂರು ಮತ್ತು ಮಾಸೂರುಗಳೊಂದಿಗೆ ಬೆಸೆದುಕೊಂಡಿದೆ. ಸರ್ವಜ್ಞನ ವಚನಗಳು ಹಲವು ತಲೆಮಾರುಗಳ ಕಾಲ ಜನರ ಬಾಯಲ್ಲಿ ಹಾಗೂ ಕೈಬರಹದ ಪ್ರತಿಗಳಲ್ಲಿ ಉಳಿದುಬಂದವು. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಅವುಗಳನ್ನು ಶ್ರಮವಹಿಸಿ ಸಂಗ್ರಹಿಸಿ, ಸಂಪಾದಿಸಿ 1924ರಲ್ಲಿ ಪ್ರಕಟಿಸಿದರು.

ಹೀಗೆ ಬಾಯಿಂದ ಬಾಯಿಗೆ, ಪ್ರತಿಯಿಂದ ಪ್ರತಿಗೆ ಸಾಗಿಬಂದ ಸಾಹಿತ್ಯದಲ್ಲಿ ಒಂದೇ ಪದ್ಯಕ್ಕೆ ಬೇರೆ ಬೇರೆ ರೂಪಗಳು ದೊರೆಯುವುದು ಸಹಜ. ವಿದ್ವಾಂಸರು ಇದನ್ನು ಪಾಠಾಂತರ ಎನ್ನುತ್ತಾರೆ. ಪ್ರತಿಕಾರನು ಅರ್ಥವರಿಯದೆ ನಕಲು ಮಾಡಿದಲ್ಲಿ ಅಕ್ಷರ ಬಿಟ್ಟುಹೋಗುತ್ತದೆ, ಸಾಲು ಪಲ್ಲಟವಾಗುತ್ತದೆ. ಆ ದೋಷ ಮುಂದಿನ ಪ್ರತಿಗೂ ಸಾಗುತ್ತದೆ. ಅರ್ಥ ತಿಳಿದು ಬರೆಯುವವನಿಗೆ ಮಾತ್ರ ದೋಷ ಕಣ್ಣಿಗೆ ಬೀಳುತ್ತದೆ. ಹಿಂದಿನ ವರ್ಷದ ವಿದ್ಯಾರ್ಥಿಯ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಓದುವ ಇಂದಿನ ವಿದ್ಯಾರ್ಥಿಯ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ.

4. ಮುಖ್ಯ ತೊಡಕುಗಳು

4.1 ಮಾತಿನ ವೇಗ ಮತ್ತು ಕೈಯ ವೇಗ

ಸಾಮಾನ್ಯ ಉಪನ್ಯಾಸದಲ್ಲಿ ಮಾತು ಸಾಗುವ ವೇಗವು ಕೈಬರಹದ ವೇಗಕ್ಕಿಂತ ಹಲವು ಪಟ್ಟು ಹೆಚ್ಚು. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳಿಂದಾಗಿ ಕೈಯನ್ನು ಪದೇ ಪದೇ ಎತ್ತಬೇಕಾಗುವುದರಿಂದ ಬರವಣಿಗೆ ಇನ್ನಷ್ಟು ನಿಧಾನವಾಗುತ್ತದೆ. ಆಡಿದ ಮಾತನ್ನೆಲ್ಲ ಬರೆದುಕೊಳ್ಳಲು ಶೀಘ್ರಲಿಪಿ ಎಂಬ ಪ್ರತ್ಯೇಕ ವಿದ್ಯೆಯೇ ಇದ್ದು, ಅದಕ್ಕೆ ದೀರ್ಘ ತರಬೇತಿ ಹಾಗೂ ಪರೀಕ್ಷೆಗಳಿವೆ. ಆ ತರಬೇತಿಯಿಲ್ಲದ ವಿದ್ಯಾರ್ಥಿಯು ಪ್ರತಿ ವಾಕ್ಯವನ್ನೂ ಹಿಡಿಯಲು ಹೊರಟರೆ ಒಂದು ವಾಕ್ಯ ಬರೆಯುವಷ್ಟರಲ್ಲಿ ಮುಂದಿನ ಮೂರು ವಾಕ್ಯಗಳು ಕಿವಿಗೆ ಬೀಳದೆ ಹೋಗುತ್ತವೆ. ಎಲ್ಲವನ್ನೂ ಬರೆಯುವ ಪ್ರಯತ್ನವೇ ಪಾಠ ತಪ್ಪಲು ಕಾರಣವಾಗುತ್ತದೆ.

4.2 ಉಕ್ತಲೇಖನದ ರೂಢಿ

ಕೆಳಗಿನ ತರಗತಿಗಳಲ್ಲಿ ಪ್ರಶ್ನೋತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಸುವ ಅಥವಾ ಉಕ್ತಲೇಖನ ನೀಡುವ ಪದ್ಧತಿ ವ್ಯಾಪಕವಾಗಿದೆ. ಅಕ್ಷರ ಶುದ್ಧಿಗೆ ಹಾಗೂ ಚಿಕ್ಕ ಮಕ್ಕಳ ಅಭ್ಯಾಸಕ್ಕೆ ಇದು ಉಪಯುಕ್ತ. ಆದರೆ ಹತ್ತು ವರ್ಷಗಳ ಕಾಲ ಇನ್ನೊಬ್ಬರು ಆರಿಸಿಕೊಟ್ಟ ವಾಕ್ಯಗಳನ್ನೇ ಬರೆದ ವಿದ್ಯಾರ್ಥಿಗೆ, ಆರಿಸುವ ಕೆಲಸ ತನ್ನದೆಂಬುದು ಪಿ.ಯು.ಸಿ. ತರಗತಿಯಲ್ಲಿ ಮೊದಲ ಬಾರಿಗೆ ಎದುರಾಗುತ್ತದೆ. ಈ ಕೌಶಲವನ್ನು ಪ್ರತ್ಯೇಕ ವಿಷಯವಾಗಿ ಕಲಿಸುವ ಅವಧಿ ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

4.3 ಭಾಷೆಯ ಬದಲಾವಣೆ

ಪದವಿಪೂರ್ವ ಹಂತದಲ್ಲಿ ಕಲಾ ಮತ್ತು ವಾಣಿಜ್ಯ ವಿಭಾಗಗಳಲ್ಲಿ ಕನ್ನಡ ಮಾಧ್ಯಮಕ್ಕೆ ಅವಕಾಶವಿದೆ. ವಿಜ್ಞಾನ ವಿಭಾಗದ ಬೋಧನೆ ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಪ್ರೌಢಶಾಲೆಯಲ್ಲಿ ವೇಗೋತ್ಕರ್ಷ, ಸಂವೇಗ, ಜಡತ್ವ, ಪ್ರತ್ಯಾಮ್ಲ, ದ್ಯುತಿಸಂಶ್ಲೇಷಣೆ ಎಂಬ ಪದಗಳಲ್ಲಿ ಕಲಿತ ವಿಷಯವೇ ಇಲ್ಲಿ ಬೇರೆ ಹೆಸರಿನಲ್ಲಿ ಬರುತ್ತದೆ. ವಿದ್ಯಾರ್ಥಿಯು ಹೊಸ ಪದವನ್ನು ಗುರುತಿಸಬೇಕು, ಅದರ ಅರ್ಥ ಊಹಿಸಬೇಕು, ಕಾಗುಣಿತ ನೆನಪಿಡಬೇಕು, ಜೊತೆಗೆ ವಿಷಯವನ್ನೂ ಹಿಂಬಾಲಿಸಬೇಕು. ನಾಲ್ಕು ಕೆಲಸಗಳು ಒಟ್ಟಿಗೆ ಬಿದ್ದಾಗ ಬಹುತೇಕ ವಿದ್ಯಾರ್ಥಿಗಳು ಹಲಗೆಯ ಮೇಲಿನದನ್ನು ಚಿತ್ರದಂತೆ ನಕಲು ಮಾಡಿಕೊಳ್ಳುವ ಕ್ರಮಕ್ಕೆ ಜಾರುತ್ತಾರೆ.

4.4 ಗೈರುಹಾಜರಿ

ತಾಲ್ಲೂಕಿನಲ್ಲಿ ಗೋವಿನಜೋಳ, ಹತ್ತಿ ಮುಖ್ಯ ಬೆಳೆಗಳಾಗಿವೆ. ಕಾಲೇಜು ಆರಂಭವಾಗುವ ಜೂನ್ ತಿಂಗಳೇ ಮುಂಗಾರು ಬಿತ್ತನೆಯ ಸಮಯ. ಬಿತ್ತನೆ, ಕಳೆ, ಕೊಯ್ಲುಗಳ ದಿನಗಳಲ್ಲಿ ಮನೆಯ ಕೆಲಸಕ್ಕೆ ನಿಲ್ಲುವ ವಿದ್ಯಾರ್ಥಿಗಳಿದ್ದಾರೆ. ಚಿಕ್ಕೇರೂರು, ಹಂಸಭಾವಿ, ಕೋಡ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರಿಗೆ ಮಳೆಗಾಲದಲ್ಲಿ ಮೊದಲ ಅವಧಿ ತಪ್ಪುವುದೂ ಉಂಟು. ತಪ್ಪಿದ ಪಾಠಕ್ಕೆ ಗೆಳೆಯರ ಪುಸ್ತಕವನ್ನು ನೋಡಿ ಬರೆದುಕೊಂಡು ಪುಟ ತುಂಬಿಸಿದರೆ ಪಾಠ ಮುಗಿದಂತೆ ತೋರುತ್ತದೆ. ಕೇಳಿದ ಪಾಠ ಯಾವುದು, ಕೇಳದೆ ನಕಲು ಮಾಡಿದ ಪಾಠ ಯಾವುದು ಎಂಬ ಗುರುತು ಪುಸ್ತಕದಲ್ಲಿ ಉಳಿಯುವುದಿಲ್ಲ.

4.5 ಮತ್ತೆ ತೆರೆಯದ ಪುಸ್ತಕ

ಜರ್ಮನಿಯ ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತನ್ನ ನೆನಪಿನ ಮೇಲೆ ತಾನೇ ಪ್ರಯೋಗ ನಡೆಸಿ 1885ರಲ್ಲಿ ಫಲಿತಾಂಶ ಪ್ರಕಟಿಸಿದನು. ಕಲಿತ ವಿಷಯದಲ್ಲಿ ಹೆಚ್ಚಿನ ಪಾಲು ಮೊದಲ ಕೆಲವು ಗಂಟೆಗಳಲ್ಲಿಯೇ ಮರೆತುಹೋಗುತ್ತದೆ, ಆಮೇಲೆ ಮರೆವಿನ ವೇಗ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಸೋಮವಾರ ಬರೆದ ಟಿಪ್ಪಣಿಯನ್ನು ಪರೀಕ್ಷೆಯ ಹಿಂದಿನ ದಿನ ತೆರೆಯುವ ವಿದ್ಯಾರ್ಥಿಗೆ ಸ್ವಂತ ಕೈಬರಹವೂ ಅಪರಿಚಿತವಾಗಿ ಕಾಣುವುದಕ್ಕೆ ಇದೇ ಕಾರಣ.

5. ಅನುಸರಿಸಬೇಕಾದ ಕ್ರಮ

5.1 ತರಗತಿಗೆ ಮುನ್ನ

(ಅ) ಹಿಂದಿನ ದಿನ ಸಂಜೆ, ಮರುದಿನದ ಪಾಠದ ಶೀರ್ಷಿಕೆಗಳನ್ನು ಹಾಗೂ ದಪ್ಪ ಅಕ್ಷರದ ಪದಗಳನ್ನು ಹತ್ತು ನಿಮಿಷ ನೋಡಿಕೊಳ್ಳುವುದು. ಪದ ಮೊದಲೇ ಕಣ್ಣಿಗೆ ಬಿದ್ದಿದ್ದರೆ ತರಗತಿಯಲ್ಲಿ ಅದರ ಕಾಗುಣಿತಕ್ಕಾಗಿ ತಡಕಾಡಬೇಕಾಗುವುದಿಲ್ಲ.

(ಆ) ಪುಟದ ಮೇಲ್ಭಾಗದಲ್ಲಿ ದಿನಾಂಕ, ವಿಷಯ, ಪಾಠದ ಹೆಸರು ಮತ್ತು ಪಠ್ಯಪುಸ್ತಕದ ಪುಟ ಸಂಖ್ಯೆ ನಮೂದಿಸುವುದು.

(ಇ) ಪುಟದ ಎಡಬದಿಯಲ್ಲಿ ನಾಲ್ಕು ಬೆರಳು ಅಗಲದ ಅಂಚು ಬಿಟ್ಟು ಗೆರೆ ಎಳೆಯುವುದು. ಕೆಳಗೆ ಐದಾರು ಸಾಲು ಖಾಲಿ ಬಿಡುವುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ವಾಲ್ಟರ್ ಪಾಕ್ ಎಂಬವರು ರೂಪಿಸಿದ ಈ ವಿಧಾನ, 1962ರಲ್ಲಿ ಪ್ರಕಟವಾದ ಅವರ ಪುಸ್ತಕದ ಮೂಲಕ ಹಲವು ದೇಶಗಳಿಗೆ ಹರಡಿತು. ಇದಕ್ಕೆ ಸಾಧಾರಣ ನೋಟ್‌ಬುಕ್ ಮತ್ತು ಅಳತೆಪಟ್ಟಿ ಸಾಕು.

5.2 ತರಗತಿಯಲ್ಲಿ

(ಅ) ಮೊದಲು ಕೇಳುವುದು, ಒಂದು ವಿಷಯ ಮುಗಿದ ಮೇಲೆ ಬರೆಯುವುದು. ಬಲಭಾಗದಲ್ಲಿ ಮಾತ್ರ ಬರೆಯುವುದು.

(ಆ) ಯಥಾವತ್ತಾಗಿ ಬರೆದುಕೊಳ್ಳಬೇಕಾದವು ಕೆಲವೇ: ವ್ಯಾಖ್ಯೆ, ಸೂತ್ರ, ಇಸವಿ, ಹೆಸರು, ಚಿತ್ರ. ಉಳಿದ ವಿವರಣೆಯನ್ನು ಸ್ವಂತ ಮಾತಿನಲ್ಲಿ ಚಿಕ್ಕದಾಗಿ ಬರೆಯುವುದು.

(ಇ) ಶಿಕ್ಷಕರು ಎರಡು ಬಾರಿ ಹೇಳಿದ, ಹಲಗೆಯ ಮೇಲೆ ಬರೆದ, ಅಥವಾ “ಇದಕ್ಕೆ ಕಾರಣ”, “ಇದರ ಪರಿಣಾಮ”, “ಇವೆರಡರ ವ್ಯತ್ಯಾಸ” ಎಂದು ಆರಂಭಿಸಿದ ಮಾತುಗಳಿಗೆ ಆದ್ಯತೆ ನೀಡುವುದು.

(ಈ) ಅರ್ಥವಾಗದ ಕಡೆ ನಿಲ್ಲದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಎರಡು ಸಾಲು ಬಿಟ್ಟು ಮುಂದುವರಿಯುವುದು. ಖಾಲಿ ಬಿಟ್ಟ ಜಾಗ ದೋಷವಲ್ಲ. ಅರ್ಥವಾಗದ್ದನ್ನು ಅರ್ಥವಾದಂತೆ ತುಂಬಿಸಿದ ಪುಟವೇ ಮುಂದೆ ತೊಂದರೆಗೆ ದಾರಿಯಾಗುತ್ತದೆ.

5.3 ಅದೇ ದಿನ ಸಂಜೆ

(ಅ) ಆ ದಿನದ ಟಿಪ್ಪಣಿಯನ್ನು ಪಠ್ಯಪುಸ್ತಕದೊಂದಿಗೆ ಹೋಲಿಸಿ, ಬಿಟ್ಟ ಜಾಗಗಳನ್ನು ಭರ್ತಿ ಮಾಡುವುದು.

(ಆ) ಎಡಬದಿಯ ಅಂಚಿನಲ್ಲಿ, ಬಲಭಾಗದ ಬರಹ ಯಾವ ಪ್ರಶ್ನೆಗೆ ಉತ್ತರವಾಗಿದೆಯೋ ಆ ಪ್ರಶ್ನೆಯನ್ನು ಬರೆಯುವುದು.

(ಇ) ಬಲಭಾಗವನ್ನು ಹಾಳೆಯಿಂದ ಮುಚ್ಚಿ, ಎಡಬದಿಯ ಪ್ರಶ್ನೆಗಳಿಗೆ ಬಾಯಿಮಾತಿನಲ್ಲಿ ಉತ್ತರಿಸುವುದು. ಅಮೆರಿಕದ ಸಂಶೋಧಕರಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ ಮೇಲೆ ಪುಸ್ತಕ ಮುಚ್ಚಿ ನೆನಪಿಸಿಕೊಂಡವರು ಒಂದು ವಾರದ ನಂತರ ಹೆಚ್ಚು ನೆನಪಿಟ್ಟುಕೊಂಡಿದ್ದರು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮಾತ್ರ ಮತ್ತೆ ಓದಿದವರು ಮುಂದಿದ್ದರು. ಓದುವಾಗ ಎಲ್ಲ ಬಂದಂತೆ ಅನಿಸಿ, ಪರೀಕ್ಷಾ ಕೊಠಡಿಯಲ್ಲಿ ಮರೆಯುವ ಅನುಭವಕ್ಕೆ ಇದು ವಿವರಣೆ ನೀಡುತ್ತದೆ.

(ಈ) ಕೆಳಗಿನ ಖಾಲಿ ಸಾಲುಗಳಲ್ಲಿ ಇಡೀ ಪಾಠದ ಸಾರವನ್ನು ಎರಡು ಮೂರು ವಾಕ್ಯಗಳಲ್ಲಿ ಬರೆಯುವುದು. ಬರೆಯಲಾಗದಿದ್ದಲ್ಲಿ ಪಾಠ ಇನ್ನೂ ಅರ್ಥವಾಗಿಲ್ಲವೆಂದು ತಿಳಿದು ಶಿಕ್ಷಕರನ್ನು ಕೇಳುವುದು.

ಈ ಎಲ್ಲ ಕೆಲಸಕ್ಕೆ ಪ್ರತಿ ವಿಷಯಕ್ಕೆ ಸುಮಾರು ಹದಿನೈದು ನಿಮಿಷ ಬೇಕಾಗುತ್ತದೆ.

6. ಮಾದರಿ

ಸಮಾಜ ವಿಜ್ಞಾನದ ತರಗತಿಯಲ್ಲಿ ಶಿಕ್ಷಕರು ಹೀಗೆ ವಿವರಿಸುತ್ತಾರೆ ಎಂದು ಭಾವಿಸಿಕೊಳ್ಳಬಹುದು:

“ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಕನ್ನಡ ಮಾತನಾಡುವ ಜನರು ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದರಾಸು ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು ಹೀಗೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಹಿರೇಕೆರೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಸವಣೂರು ನವಾಬರ ಸಂಸ್ಥಾನವಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದವು. ಸ್ವಾತಂತ್ರ್ಯಾನಂತರ, 1953ರಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ರಚನೆಯಾಗಿ 1955ರಲ್ಲಿ ವರದಿ ನೀಡಿತು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ರಾಜ್ಯಕ್ಕೆ ಮೈಸೂರು ಎಂಬ ಹೆಸರೇ ಇದ್ದು, 1973ರ ನವೆಂಬರ್ 1ರಂದು ಕರ್ನಾಟಕ ಎಂದು ಬದಲಾಯಿತು.”

ಇದನ್ನು ಪೂರ್ತಿ ಬರೆಯಲು ಹೊರಟವರಿಗೆ ಅರ್ಧದಲ್ಲಿಯೇ ಕೈ ಸೋಲುತ್ತದೆ. ಬಲಭಾಗದಲ್ಲಿ ಈ ಐದು ಸಾಲುಗಳು ಸಾಕು:

– ಕನ್ನಡ ನಾಡು ಹಂಚಿಕೆ: ಮೈಸೂರು / ಮುಂಬಯಿ / ಮದರಾಸು / ಹೈದರಾಬಾದ್ / ಕೊಡಗು. ಹಿರೇಕೆರೂರು: ಮುಂಬಯಿ. ಸವಣೂರು: ನವಾಬ.
– ಸಂಸ್ಥೆಗಳು: 1890 ವಿ.ವ. ಸಂಘ (ಧಾರವಾಡ), 1915 ಕ.ಸಾ.ಪ. (ಬೆಂಗಳೂರು).
– ಆಯೋಗ (ಫಜಲ್ ಅಲಿ): 1953 ರಚನೆ, 1955 ವರದಿ.
– 1-11-1956 ಒಂದಾಯಿತು, ಹೆಸರು ಮೈಸೂರು. 1-11-1973 ಕರ್ನಾಟಕ.
– ? 1956ರಲ್ಲಿಯೇ ಕರ್ನಾಟಕ ಎಂದು ಏಕೆ ಹೆಸರಿಡಲಿಲ್ಲ.

ಸಂಜೆ ಎಡಬದಿಯಲ್ಲಿ ಬರೆಯಬಹುದಾದ ಪ್ರಶ್ನೆಗಳು: “ಕನ್ನಡಿಗರು ಎಲ್ಲೆಲ್ಲಿ ಹಂಚಿಹೋಗಿದ್ದರು?”, “ಏಕೀಕರಣಕ್ಕೆ ನೆರವಾದ ಸಂಸ್ಥೆಗಳು ಯಾವುವು?”, “1956 ಮತ್ತು 1973ರ ವ್ಯತ್ಯಾಸವೇನು?”. ಕೊನೆಯ ಸಾಲಿನ ಪ್ರಶ್ನಾರ್ಥಕ ಚಿಹ್ನೆಯೇ ಈ ಟಿಪ್ಪಣಿಯ ಬೆಲೆಯುಳ್ಳ ಭಾಗ. ಮರುದಿನ ಶಿಕ್ಷಕರನ್ನು ಕೇಳಬೇಕಾದದ್ದು ಅಲ್ಲಿ ದಾಖಲಾಗಿದೆ. ಸ್ವಂತ ಊರಿನ ಹೆಸರನ್ನು ಸೇರಿಸಿಕೊಂಡಿರುವುದರಿಂದ ಪಾಠ ನೆನಪಿನಲ್ಲಿ ನಿಲ್ಲಲೂ ಅನುಕೂಲವಾಗುತ್ತದೆ.

7. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೆ ವಿಶೇಷ ಸೂಚನೆಗಳು

ಇಂಗ್ಲಿಷ್ ಉಪನ್ಯಾಸಕ್ಕೆ ಇಂಗ್ಲಿಷ್‌ನಲ್ಲಿಯೇ ಟಿಪ್ಪಣಿ ಬರೆಯಬೇಕೆಂಬ ಕಡ್ಡಾಯವಿಲ್ಲ. ಟಿಪ್ಪಣಿಯು ಮೌಲ್ಯಮಾಪನಕ್ಕೆ ಸಲ್ಲಿಸುವ ಉತ್ತರಪತ್ರಿಕೆ ಅಲ್ಲ. ಅದರ ಓದುಗ ಬರೆದ ವಿದ್ಯಾರ್ಥಿಯೇ. ಅರ್ಥವಾದದ್ದನ್ನು ಕನ್ನಡದಲ್ಲಿ ಬರೆದು, ಪಾರಿಭಾಷಿಕ ಪದವನ್ನು ಮಾತ್ರ ಇಂಗ್ಲಿಷ್‌ನಲ್ಲಿ ಇರಿಸಿಕೊಳ್ಳುವುದು ಮೊದಲ ತಿಂಗಳುಗಳಿಗೆ ಸೂಕ್ತ ಕ್ರಮವಾಗಿದೆ. ಸಂಜೆಯ ಹದಿನೈದು ನಿಮಿಷಗಳಲ್ಲಿ ಅದೇ ಅಂಶಗಳನ್ನು ಪಠ್ಯಪುಸ್ತಕದ ನೆರವಿನಿಂದ ಚಿಕ್ಕ ಇಂಗ್ಲಿಷ್ ವಾಕ್ಯಗಳಾಗಿ ಬರೆದರೆ, ಅರ್ಥವೂ ಭಾಷೆಯೂ ಒಂದಾದ ಮೇಲೊಂದು ಕೈಗೂಡುತ್ತವೆ. ಎರಡನ್ನೂ ತರಗತಿಯಲ್ಲಿಯೇ ಒಟ್ಟಿಗೆ ಸಾಧಿಸಲು ಹೊರಟಾಗ ಎರಡೂ ಕೈಬಿಡುವ ಸಂಭವ ಹೆಚ್ಚು.

ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎರಡು ಅಂಕಣಗಳ ಪದಪಟ್ಟಿ ಇರಿಸಿಕೊಳ್ಳುವುದು ಅವಶ್ಯ. ಉದಾಹರಣೆಗೆ:

ವೇಗೋತ್ಕರ್ಷ – ಆಕ್ಸಲರೇಶನ್
ಸಂವೇಗ – ಮೊಮೆಂಟಮ್
ಜಡತ್ವ – ಇನರ್ಶಿಯಾ
ರೋಧ – ರೆಸಿಸ್ಟೆನ್ಸ್
ವಿಭವಾಂತರ – ಪೊಟೆನ್ಶಿಯಲ್ ಡಿಫರೆನ್ಸ್
ಪ್ರತ್ಯಾಮ್ಲ – ಬೇಸ್
ದ್ಯುತಿಸಂಶ್ಲೇಷಣೆ – ಫೋಟೋಸಿಂಥೆಸಿಸ್
ವರ್ಗ ಸಮೀಕರಣ – ಕ್ವಾಡ್ರಾಟಿಕ್ ಈಕ್ವೇಶನ್

ಬಲ ಅಂಕಣದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡರೆ ಕಾಗುಣಿತವೂ ರೂಢಿಯಾಗುತ್ತದೆ. ದಿನಕ್ಕೆ ನಾಲ್ಕು ಪದಗಳಂತೆ ಸೇರಿಸಿದರೆ ಇಪ್ಪತ್ತೈದು ದಿನಗಳಲ್ಲಿ ನೂರು ಪದಗಳಾಗುತ್ತವೆ. ಹತ್ತನೆಯ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಮತ್ತು ಗಣಿತ ಪುಸ್ತಕಗಳನ್ನು ಮಾರಾಟ ಮಾಡದೆ ಅಥವಾ ಇತರರಿಗೆ ಕೊಡದೆ ಒಂದು ವರ್ಷದ ಮಟ್ಟಿಗೆ ಉಳಿಸಿಕೊಳ್ಳುವುದು ಒಳಿತು. ಹೊಸ ಪಾಠದ ಹಳೆಯ ಬೇರು ಅವುಗಳಲ್ಲಿ ದೊರೆಯುತ್ತದೆ.

8. ಮೊಬೈಲ್ ಛಾಯಾಚಿತ್ರ ಮತ್ತು ಸಿದ್ಧ ನೋಟ್ಸ್

ಹಲಗೆಯ ಮೇಲಿನ ಬರಹವನ್ನು ಅಥವಾ ಗೆಳೆಯರ ನೋಟ್ಸನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳುವ, ವಾಟ್ಸ್‌ಆ್ಯಪ್ ಮೂಲಕ ಹಂಚಿಕೊಳ್ಳುವ ರೂಢಿ ಹೆಚ್ಚಾಗಿದೆ. ಚಿತ್ರ ಸಂಗ್ರಹಿಸಿದ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. ಅದನ್ನು ನೋಡಿ ಸ್ವಂತ ಟಿಪ್ಪಣಿ ಬರೆದಾಗ ಉಪಯೋಗವಾಗುತ್ತದೆ.

ಗಣಕಯಂತ್ರದಲ್ಲಿ ಟೈಪ್ ಮಾಡುವುದಕ್ಕಿಂತ ಕೈಬರಹ ಮೇಲು ಎಂಬ ಅಭಿಪ್ರಾಯ 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮುಲ್ಲರ್ ಮತ್ತು ಒಪೆನ್‌ಹೈಮರ್ ಅವರ ಅಧ್ಯಯನದಿಂದ ಪ್ರಚಾರಕ್ಕೆ ಬಂದಿತು. ಟೈಪ್ ಮಾಡಿದವರು ಹೆಚ್ಚು ಪದಗಳನ್ನು, ಆದರೆ ಯಥಾವತ್ತಾಗಿ ದಾಖಲಿಸಿದ್ದರು. ಅರ್ಥವನ್ನು ಪರೀಕ್ಷಿಸುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು. ನಂತರದ ಮರುಪ್ರಯೋಗಗಳಲ್ಲಿ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಂಡುಬರಲಿಲ್ಲ. ಆದ್ದರಿಂದ ಸಾಧನ ಯಾವುದೆಂಬುದಕ್ಕಿಂತ, ಬರೆಯುವವರು ಆರಿಸಿ ಬರೆಯುತ್ತಾರೆಯೇ ಎಂಬುದನ್ನು ಗಮನಿಸುವುದು ಯುಕ್ತ.

ಹಳೆಯ ನೋಟ್ಸ್ ಮತ್ತು ಗೈಡುಗಳನ್ನು ಬಳಸುವವರು ಒಂದು ಅಂಶವನ್ನು ಪರಿಶೀಲಿಸಬೇಕು. ಪಠ್ಯಪುಸ್ತಕಗಳು ಪರಿಷ್ಕರಣೆಗೊಳ್ಳುತ್ತವೆ, ಪ್ರಶ್ನೆಪತ್ರಿಕೆಯ ವಿನ್ಯಾಸವೂ ಬದಲಾಗುತ್ತದೆ. ಉದಾಹರಣೆಗೆ, 2023-24ನೇ ಸಾಲಿನಲ್ಲಿ ಪಿ.ಯು.ಸಿ.ಯ ಪ್ರಾಯೋಗಿಕ ಪರೀಕ್ಷೆಯಿಲ್ಲದ ವಿಷಯಗಳಿಗೆ 80 ಅಂಕಗಳ ಲಿಖಿತ ಪರೀಕ್ಷೆ ಹಾಗೂ 20 ಅಂಕಗಳ ಆಂತರಿಕ ಮೌಲ್ಯಮಾಪನ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ನೋಟ್ಸನ್ನೇ ಅನುಸರಿಸಿದವರಿಗೆ ಈ ಬದಲಾವಣೆ ತಿಳಿಯುವ ಅವಕಾಶವಿರಲಿಲ್ಲ. ಚಾಲ್ತಿಯಲ್ಲಿರುವ ವಿನ್ಯಾಸವನ್ನು ಕಾಲೇಜಿನಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳತಕ್ಕದ್ದು.

9. ಪೋಷಕರ ಗಮನಕ್ಕೆ

ಇಂಗ್ಲಿಷ್ ಬಾರದ, ಹೆಚ್ಚು ಓದಿರದ ಪೋಷಕರೂ ಮಕ್ಕಳ ಕಲಿಕೆಯನ್ನು ಗಮನಿಸಬಹುದಾಗಿದೆ.

(ಅ) ಪುಸ್ತಕ ಮುಚ್ಚಿಸಿ, “ಈ ದಿನ ಏನು ಕಲಿಸಿದರು, ಕನ್ನಡದಲ್ಲಿ ಹೇಳು” ಎಂದು ಕೇಳುವುದು. ಮಗು ತಡವರಿಸದೆ ವಿವರಿಸಿದರೆ ಪಾಠ ಅರ್ಥವಾಗಿದೆ ಎಂದು ತಿಳಿಯಬಹುದು. ಕೇಳುವವರಿಗೆ ವಿಷಯ ಗೊತ್ತಿರಬೇಕಾಗಿಲ್ಲ.

(ಆ) ಚಿತ್ತು, ಬಾಣದ ಗುರುತು, ಖಾಲಿ ಜಾಗಗಳಿರುವ ಪುಸ್ತಕವನ್ನು ಕಂಡು ಗದರದಿರುವುದು. ಅಂದಗೆಟ್ಟ ಪುಟ ಅನೇಕ ವೇಳೆ ಆಲೋಚನೆಯ ಗುರುತಾಗಿರುತ್ತದೆ.

(ಇ) ನೋಟ್‌ಬುಕ್ಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ, ಅವುಗಳನ್ನು ಶಿಕ್ಷಕರಲ್ಲಿ ಕೇಳಲಾಯಿತೇ ಎಂದು ವಾರಕ್ಕೊಮ್ಮೆ ವಿಚಾರಿಸುವುದು.

(ಈ) ಹೊಲದ ಕೆಲಸಕ್ಕೆ ಮಕ್ಕಳನ್ನು ನಿಲ್ಲಿಸಿಕೊಳ್ಳದಿರುವುದು ಉತ್ತಮ. ಅನಿವಾರ್ಯವಾದಲ್ಲಿ, ತಪ್ಪಿದ ದಿನಗಳ ಪುಟಗಳನ್ನು ದಿನಾಂಕ ಬರೆದು ಖಾಲಿ ಬಿಡಿಸಿ, ಪಾಠ ಕೇಳಿ ತಿಳಿದುಕೊಂಡ ಮೇಲೆ ತುಂಬಿಸುವುದು.

(ಉ) ಸಂಜೆಯ ಒಂದು ಗಂಟೆ ಟಿ.ವಿ. ಮತ್ತು ಮೊಬೈಲ್ ಸದ್ದಿಲ್ಲದ ಜಾಗ ಒದಗಿಸುವುದು.

10. ಲಭ್ಯವಿರುವ ಸೌಲಭ್ಯಗಳು

(ಅ) ಪಠ್ಯಪುಸ್ತಕ: ಸರ್ಕಾರಿ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಪಠ್ಯಪುಸ್ತಕಗಳನ್ನು ಉಚಿತವಾಗಿ ವಿತರಿಸಲಾಗುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿಯೂ ಶಾಲಾ ಪಠ್ಯಪುಸ್ತಕಗಳು ದೊರೆಯುತ್ತವೆ. ಒಂದೇ ಪಾಠದ ಕನ್ನಡ ಮತ್ತು ಇಂಗ್ಲಿಷ್ ಆವೃತ್ತಿಗಳನ್ನು ಹೋಲಿಸಿ ಓದಿದರೆ ಕ್ರಮಸಂಖ್ಯೆ 7ರಲ್ಲಿ ತಿಳಿಸಿದ ಪದಪಟ್ಟಿ ತಯಾರಿಸಲು ಅನುಕೂಲವಾಗುತ್ತದೆ.

(ಆ) ಗ್ರಂಥಾಲಯ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. 2020ರಲ್ಲಿ ಆರಂಭವಾದ “ಓದುವ ಬೆಳಕು” ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡುವ ಕ್ರಮ ಕೈಗೊಳ್ಳಲಾಯಿತು. ಮನೆಯಲ್ಲಿ ಓದಲು ಜಾಗವಿಲ್ಲದವರು ಗ್ರಂಥಾಲಯದ ಸದುಪಯೋಗ ಪಡೆಯಬಹುದು.

(ಇ) ವಿದ್ಯಾರ್ಥಿವೇತನ: ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್.ಎಸ್.ಪಿ.) ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ನಾಡಕಛೇರಿಯಲ್ಲಿ ಪಡೆಯಬಹುದು. ಕೊನೆಯ ದಿನಾಂಕವನ್ನು ಕಾಲೇಜಿನ ಸೂಚನಾ ಫಲಕದಲ್ಲಿ ನೋಡಿಕೊಳ್ಳುವುದು.

(ಈ) ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗಳು: ದೃಷ್ಟಿದೋಷ, ಕೈಗಳ ನ್ಯೂನತೆ, ಕಲಿಕಾ ನ್ಯೂನತೆ ಮೊದಲಾದ ಕಾರಣಗಳಿಂದ ಬರವಣಿಗೆ ಕಷ್ಟವಾಗುವವರಿಗೆ ಪರೀಕ್ಷೆಯಲ್ಲಿ ಲಿಪಿಕಾರರ ನೆರವು ಹಾಗೂ ಹೆಚ್ಚುವರಿ ಸಮಯ ನಿಯಮಾನುಸಾರ ಲಭ್ಯವಿದೆ. ವೈದ್ಯಕೀಯ ಪ್ರಮಾಣ ಪತ್ರದೊಂದಿಗೆ ಶಾಲೆ ಅಥವಾ ಕಾಲೇಜಿನ ಮುಖ್ಯಸ್ಥರ ಮೂಲಕ ಮುಂಚಿತವಾಗಿಯೇ ಅರ್ಜಿ ಸಲ್ಲಿಸಬೇಕು. ಇಂತಹವರಿಗೆ ಟಿಪ್ಪಣಿಯ ವಿಷಯದಲ್ಲಿ ಸಹಪಾಠಿಯೊಬ್ಬರ ಪ್ರತಿಯನ್ನು ಒದಗಿಸುವ ವ್ಯವಸ್ಥೆಯನ್ನು ತರಗತಿಯ ಮಟ್ಟದಲ್ಲಿ ಮಾಡಿಕೊಳ್ಳಬಹುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಉಪನ್ಯಾಸಕರು ನೋಟ್ಸ್ ಬರೆಸುವುದಿಲ್ಲ. ಇದು ಲೋಪವೇ?
ಉತ್ತರ: ಅಲ್ಲ. ವಿವರಣೆ ನೀಡುವುದು ಉಪನ್ಯಾಸಕರ ಕೆಲಸ, ಟಿಪ್ಪಣಿ ಮಾಡಿಕೊಳ್ಳುವುದು ವಿದ್ಯಾರ್ಥಿಯ ಕೆಲಸ. ವೇಗ ಹೆಚ್ಚೆನಿಸಿದರೆ ನಿಧಾನಿಸುವಂತೆ ಅಥವಾ ಮುಖ್ಯ ಪದಗಳನ್ನು ಹಲಗೆಯ ಮೇಲೆ ಬರೆಯುವಂತೆ ವಿನಯಪೂರ್ವಕವಾಗಿ ಕೋರಬಹುದು.

ಪ್ರಶ್ನೆ: ಟಿಪ್ಪಣಿಯನ್ನು ಅಂದವಾಗಿ ಮತ್ತೊಂದು ಪುಸ್ತಕಕ್ಕೆ ಇಳಿಸಬೇಕೇ?
ಉತ್ತರ: ಅಗತ್ಯವಿಲ್ಲ. ಆ ಸಮಯವನ್ನು ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಲು ಬಳಸುವುದು ಹೆಚ್ಚು ಫಲಕಾರಿ. ಪ್ರಯೋಗಾಲಯದ ದಾಖಲೆ ಪುಸ್ತಕ ಇದಕ್ಕೆ ಹೊರತಾಗಿದ್ದು, ಅದನ್ನು ನಿಗದಿತ ನಮೂನೆಯಲ್ಲಿಯೇ ಬರೆಯತಕ್ಕದ್ದು.

ಪ್ರಶ್ನೆ: ಗಣಿತಕ್ಕೂ ಟಿಪ್ಪಣಿ ಬೇಕೇ?
ಉತ್ತರ: ಬೇಕು. ಲೆಕ್ಕದ ಹಂತಗಳ ಪಕ್ಕದಲ್ಲಿ, ಆ ಹಂತವನ್ನು ಏಕೆ ಮಾಡಲಾಯಿತು ಎಂಬುದನ್ನು ಮೂರು ನಾಲ್ಕು ಪದಗಳಲ್ಲಿ ಬರೆದುಕೊಳ್ಳುವುದು. ಕಾರಣವಿಲ್ಲದೆ ಹಂತಗಳನ್ನು ಮಾತ್ರ ಬರೆದುಕೊಂಡವರಿಗೆ ಅಂಕಿ ಬದಲಾದಾಗ ಲೆಕ್ಕ ಬಿಡಿಸಲಾಗುವುದಿಲ್ಲ.

ಪ್ರಶ್ನೆ: ಅರ್ಧ ವರ್ಷ ಕಳೆದಿದೆ, ಈಗ ಆರಂಭಿಸಿದರೆ ಪ್ರಯೋಜನವಿದೆಯೇ?
ಉತ್ತರ: ಇದೆ. ಹಳೆಯ ಪಾಠಗಳನ್ನೆಲ್ಲ ಒಮ್ಮೆಗೇ ಸರಿಪಡಿಸಲು ಹೋಗದೆ, ಇಂದಿನ ಪಾಠದಿಂದ ಈ ಕ್ರಮ ಆರಂಭಿಸಿ, ವಾರಕ್ಕೆ ಒಂದು ಹಳೆಯ ಪಾಠವನ್ನು ಸೇರಿಸಿಕೊಳ್ಳುತ್ತಾ ಹೋಗುವುದು.

12. ಹೆಚ್ಚಿನ ಮಾಹಿತಿಗಾಗಿ

ಪ್ರೌಢಶಾಲಾ ವಿದ್ಯಾರ್ಥಿಗಳು ತಮ್ಮ ಮುಖ್ಯೋಪಾಧ್ಯಾಯರನ್ನು ಅಥವಾ ಹಿರೇಕೆರೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು, ಪದವಿಪೂರ್ವ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಪ್ರಾಂಶುಪಾಲರನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಪಾಠ ಅರ್ಥವಾಗದ ವಿದ್ಯಾರ್ಥಿಯು ವಿಭಾಗ ಬದಲಾವಣೆಗೆ ಅಥವಾ ವರ್ಗಾವಣೆ ಪತ್ರಕ್ಕೆ ಅರ್ಜಿ ಸಲ್ಲಿಸುವ ಮುನ್ನ, ಪ್ರಶ್ನಾರ್ಥಕ ಚಿಹ್ನೆ ಹಾಕಿದ ತನ್ನ ಟಿಪ್ಪಣಿ ಪುಸ್ತಕದೊಂದಿಗೆ ಸಂಬಂಧಪಟ್ಟ ವಿಷಯದ ಉಪನ್ಯಾಸಕರನ್ನು ಒಮ್ಮೆ ಭೇಟಿಯಾಗುವುದು ಅವಶ್ಯವೆಂದು ಪೋಷಕರು ಮತ್ತು ವಿದ್ಯಾರ್ಥಿಗಳ ಗಮನಕ್ಕೆ ತರಲಾಗಿದೆ.